ಕಡತದಿಂದ ಕಂಪ್ಯೂಟರಿನವರೆಗೆ: ಲೆಕ್ಕ ನಡೆದು ಬಂದ ದಾರಿ

ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಯಲ್ಲಿ, ಸಂಘ ಹುಟ್ಟಿದ ಬಗೆ, ಕಟ್ಟಡ ಎದ್ದ ಬಗೆ, ದುಡಿದ ಹಿರಿಯರ ನೆನಪು ಇವನ್ನೆಲ್ಲ ಬೇರೆಯವರು ಬರೆದಿದ್ದಾರೆ. ಯಾರೂ ಅಷ್ಟಾಗಿ ನೆನೆಯದ ಒಂದು ವಸ್ತುವಿನ ಬಗ್ಗೆ ನಾನು ನಾಲ್ಕು ಮಾತು ಬರೆಯುತ್ತೇನೆ. ಅದು ಸಂಘದ ಲೆಕ್ಕದ ಪುಸ್ತಕ. ಹಾಲು ಹುಳಿಯಾದರೆ ಒಂದು ದಿನದ ನಷ್ಟ. ಲೆಕ್ಕ ಹುಳಿಯಾದರೆ ಸಂಘವೇ ಕೆಟ್ಟುಹೋಗುತ್ತದೆ. ಈಗ ಪುಸ್ತಕಗಳೆಲ್ಲ ಒಂದೊಂದಾಗಿ ಕಂಪ್ಯೂಟರಿನೊಳಗೆ ಹೋಗುತ್ತಿರುವ ಕಾಲದಲ್ಲಿ, ಅವು ಎಲ್ಲಿಂದ ನಡೆದು ಬಂದವು ಅಂತ ತಿಳಿದಿರುವುದು ಸದಸ್ಯರಿಗೂ ನಿರ್ದೇಶಕರಿಗೂ ಒಳ್ಳೆಯದು.

ಇಂದು ವಿಶ್ವವಿದ್ಯಾಲಯಗಳಲ್ಲಿ ವಾಣಿಜ್ಯ ಓದುವ ಮಕ್ಕಳಿಗೆ 'ಅಕೌಂಟಿಂಗ್ ಇನ್ಫರ್ಮೇಶನ್ ಸಿಸ್ಟಮ್ಸ್' ಎಂಬ ಒಂದು ವಿಷಯವಿದೆ. ಕನ್ನಡದಲ್ಲಿ ಲೆಕ್ಕಪತ್ರ ಮಾಹಿತಿ ವ್ಯವಸ್ಥೆ ಅನ್ನಬಹುದು. ಹೆಸರು ಕೇಳಿದರೆ ನಮ್ಮಂಥ ಎಸ್.ಎಸ್.ಎಲ್.ಸಿ. ಓದಿದವರಿಗೆ ಗಾಬರಿಯಾಗುತ್ತದೆ. ಒಳಗಿರುವ ಮಾತು ಮಾತ್ರ ನಮಗೆ ಹೊಸದಲ್ಲ. ಒಂದು ರಸೀತಿ ಎಲ್ಲಿ ಹುಟ್ಟುತ್ತದೆ, ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಯಾವ ಖಾತೆಗೆ ಸೇರುತ್ತದೆ, ಆಮೇಲೆ ಯಾರು ತಾಳೆ ನೋಡುತ್ತಾರೆ, ಇದನ್ನೇ ಆ ವಿಷಯದಲ್ಲಿ ಕಲಿಸುವುದು. ಅದರ ನಡುವೆ ಒಂದು ಮುಖ್ಯ ಪಾಠವಿದೆ. ಖರ್ಚಿಗೆ ಮಂಜೂರಾತಿ ಕೊಡುವವನು ಬೇರೆ, ಹಣ ಅಥವಾ ಸರಕು ಹಿಡಿದಿರುವವನು ಬೇರೆ, ಲೆಕ್ಕ ಬರೆಯುವವನು ಬೇರೆ ಇರಬೇಕು. ಇವರ ಮೂವರ ಕೆಲಸವನ್ನೂ ನೋಡುವವನು ಮತ್ತೊಬ್ಬನಿರಬೇಕು. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಹೇಳುವ ಬಾಯಿ, ಹಿಡಿಯುವ ಕೈ, ಬರೆಯುವ ಕೈ, ನೋಡುವ ಕಣ್ಣು. ಲೆಕ್ಕದ ಇತಿಹಾಸವೆಲ್ಲ ಈ ನಾಲ್ಕನ್ನು ಬೇರೆ ಬೇರೆ ಇಡಲು ಜನ ಪಟ್ಟ ಪಾಡು ಅಂದರೆ ತಪ್ಪಾಗಲಾರದು.

ಲೆಕ್ಕ ಮೊದಲು, ಅಕ್ಷರ ಆಮೇಲೆ

ಈಗಿನ ಇರಾಕ್ ದೇಶದಲ್ಲಿ ಐದು ಸಾವಿರ ವರ್ಷಗಳ ಹಿಂದೆ ಉರುಕ್ ಎಂಬ ಪಟ್ಟಣವಿತ್ತು. ಅಲ್ಲಿ ಸಿಕ್ಕಿರುವ ಅತಿ ಹಳೆಯ ಬರಹದ ಮಣ್ಣಿನ ಹಲಗೆಗಳಲ್ಲಿ ಬಹುಪಾಲು ಕಥೆಯೂ ಅಲ್ಲ, ದೇವರ ಸ್ತೋತ್ರವೂ ಅಲ್ಲ. ಇಷ್ಟು ಅಳತೆ ಜವೆಗೋಧಿ ಬಂತು, ಇಷ್ಟು ಕುರಿ ಹೋಯಿತು ಎಂಬ ಲೆಕ್ಕಗಳು. ಅದಕ್ಕೂ ಮುಂಚೆ ಅದೇ ಸೀಮೆಯಲ್ಲಿ ಮಣ್ಣಿನ ಸಣ್ಣ ಸಣ್ಣ ಬಿಲ್ಲೆಗಳಿಂದ ಎಣಿಕೆ ಇಡುತ್ತಿದ್ದರು. ಆ ಬಿಲ್ಲೆಗಳನ್ನು ಹಸಿ ಮಣ್ಣಿನ ಉಂಡೆಯೊಳಗೆ ಹಾಕಿ ಮುಚ್ಚಿ, ಮೇಲೆ ಮುದ್ರೆ ಒತ್ತುತ್ತಿದ್ದರು. ತಕರಾರು ಬಂದರೆ ಉಂಡೆ ಒಡೆದು ಎಣಿಸಿದರಾಯಿತು. 'ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ' ಆಗದಂತೆ ಮನುಷ್ಯ ಅಕ್ಷರ ಕಲಿಯುವುದಕ್ಕೆ ಮೊದಲೇ ಉಪಾಯ ಹುಡುಕಿಕೊಂಡಿದ್ದ.

ಮೈಸೂರಿನಲ್ಲಿ ಸಿಕ್ಕ ಹಳೆಯ ಪಾಠ

ನಮ್ಮ ದೇಶದಲ್ಲಿ ಲೆಕ್ಕದ ವಿಚಾರವನ್ನು ವಿವರವಾಗಿ ಹೇಳಿರುವ ಹಳೆಯ ಗ್ರಂಥ ಕೌಟಿಲ್ಯನ ಅರ್ಥಶಾಸ್ತ್ರ. ಬಹಳ ಕಾಲ ಈ ಗ್ರಂಥದ ಹೆಸರು ಮಾತ್ರ ಉಳಿದಿತ್ತು. ಅದರ ತಾಳೆಗರಿಯ ಪ್ರತಿ 1905ರಲ್ಲಿ ಕಂಡುಬಂದದ್ದು ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ. ಕಂಡುಹಿಡಿದವರು ಡಾ. ಆರ್. ಶಾಮಶಾಸ್ತ್ರಿಗಳು. ಅವರು 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು.

ಅದರ ಎರಡನೇ ಅಧಿಕರಣದಲ್ಲಿ ಲೆಕ್ಕದ ಕಚೇರಿಗೆಂದೇ ಒಂದು ಅಧ್ಯಾಯವಿದೆ. ಲೆಕ್ಕದ ವರ್ಷಕ್ಕೆ 354 ದಿನ, ಆಷಾಢದ ಹುಣ್ಣಿಮೆಗೆ ವರ್ಷ ಮುಗಿಯಬೇಕು. ಆಗ ಊರೂರಿನ ಲೆಕ್ಕದವರು ಮುದ್ರೆ ಹಾಕಿದ ಪುಸ್ತಕ ಮತ್ತು ಉಳಿಕೆ ಹಣ ಹಿಡಿದುಕೊಂಡು ಬರಬೇಕು. ಬಂದವರು ಲೆಕ್ಕ ಒಪ್ಪಿಸುವ ತನಕ ಒಬ್ಬರ ಹತ್ತಿರ ಒಬ್ಬರು ಮಾತಾಡಕೂಡದು. ಮಾತಾಡಿದರೆ ಸುಳ್ಳನ್ನು ಹೊಂದಿಸಿಕೊಂಡುಬಿಡುತ್ತಾರೆ ಎಂಬುದೇ ಅದರ ಹಿಂದಿನ ಎಚ್ಚರಿಕೆ. ಮುಂದಿನ ಅಧ್ಯಾಯದಲ್ಲಿ ಸರ್ಕಾರದ ಹಣ ನುಂಗುವ 40 ದಾರಿಗಳ ಪಟ್ಟಿಯೇ ಇದೆ. ಮೊದಲು ಬಂದದ್ದನ್ನು ಆಮೇಲೆ ಬಂದಂತೆ ಬರೆಯುವುದು, ಒಬ್ಬ ಕೊಟ್ಟದ್ದನ್ನು ಇನ್ನೊಬ್ಬನ ಹೆಸರಿಗೆ ಹಾಕುವುದು, ತೂಕ ಅಳತೆಯಲ್ಲಿ ವ್ಯತ್ಯಾಸ ಮಾಡುವುದು ಇವೆಲ್ಲ ಅದರಲ್ಲಿವೆ. ಹಾಲಿನ ಸಂಘ ನಡೆಸುವವರಿಗೆ ಇದರಲ್ಲಿ ಯಾವುದೂ ಹೊಸದಾಗಿ ಕಾಣುವುದಿಲ್ಲ.

ಕರಣಿಕ ಮತ್ತು ಭಂಡಾರಿ, ಶಾನುಭೋಗ ಮತ್ತು ಪಟೇಲ

ಕನ್ನಡ ನಾಡಿನ ಹಳೆಯ ಆಡಳಿತದಲ್ಲೂ ಇದೇ ಜಾಣತನ ಕಾಣುತ್ತದೆ. ಲೆಕ್ಕ ಬರೆಯುವವನು ಕರಣಿಕ, ಬೊಕ್ಕಸ ಕಾಯುವವನು ಭಂಡಾರಿ. ಬಸವಣ್ಣನವರು ಬಿಜ್ಜಳನ ಆಳ್ವಿಕೆಯಲ್ಲಿ ಮೊದಲು ಕರಣಿಕರಾಗಿದ್ದು ನಂತರ ಭಂಡಾರಿಗಳಾದರೆಂದು ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ. ಅವು ಎರಡು ಬೇರೆ ಬೇರೆ ಹುದ್ದೆಗಳು ಎಂಬುದನ್ನು ಗಮನಿಸಬೇಕು.

ಹಳ್ಳಿಗೆ ಬಂದರೆ ಪಟೇಲ ಮತ್ತು ಶಾನುಭೋಗ. ಕಂದಾಯ ವಸೂಲಿ ಪಟೇಲನದು, ಬರವಣಿಗೆ ಶಾನುಭೋಗನದು. ಇಬ್ಬರೂ ಒಂದಾದರೆ ರೈತನಿಗೆ ದೇವರೇ ಗತಿ, ಬೇಲಿಯೇ ಎದ್ದು ಹೊಲ ಮೇಯ್ದಂತೆ. ಆದರೂ ಕೆಲಸವನ್ನು ಇಬ್ಬರಿಗೆ ಹಂಚಿದ್ದರಿಂದ ಒಬ್ಬನೇ ಎಲ್ಲವನ್ನೂ ಮುಚ್ಚಿಹಾಕುವುದು ಕಷ್ಟವಾಗಿತ್ತು. ವಂಶಪಾರಂಪರ್ಯವಾಗಿ ಬಂದ ಈ ಹುದ್ದೆಗಳನ್ನು ರದ್ದುಪಡಿಸಲು 1961ರಲ್ಲಿ ಕಾನೂನಾಯಿತು.

ಆ ಕಾಲದ ಲೆಕ್ಕದ ಪುಸ್ತಕವೇ ಕಡತ. ಬಟ್ಟೆಗೆ ಇದ್ದಿಲ ಪುಡಿ ಮತ್ತು ಹುಣಸೆ ಬೀಜದ ಅಂಟು ಬಳಿದು, ಒಣಗಿಸಿ, ಮಡಿಸಿ ಮಾಡುತ್ತಿದ್ದ ಕಪ್ಪು ಪುಸ್ತಕ ಅದು. ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಪ್ರಸಿದ್ಧವಾಗಿವೆ. ಇವತ್ತು ಯಾವ ಸರ್ಕಾರಿ ಕಚೇರಿಗೆ ಹೋದರೂ ಫೈಲಿಗೆ ಕಡತ ಅನ್ನುತ್ತಾರೆ. ಬಟ್ಟೆ ಹೋಯಿತು, ಬಳಪ ಹೋಯಿತು, ಹೆಸರು ಉಳಿಯಿತು.

ವೆನಿಸ್ಸಿನ ಎರಡು ಕಡೆ ಲೆಕ್ಕ

ಇತ್ತ ಹೀಗಿರುವಾಗ, ಇಟಲಿಯ ವ್ಯಾಪಾರಿಗಳು ಜಮಾ ಖರ್ಚನ್ನು ಎರಡು ಕಡೆ ಬರೆಯುವ ಪದ್ಧತಿಯನ್ನು ಬೆಳೆಸಿದ್ದರು. ಲೂಕಾ ಪಚೋಲಿ ಎಂಬ ಗಣಿತದ ಪಾದ್ರಿ 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತನ್ನ ದೊಡ್ಡ ಗಣಿತ ಗ್ರಂಥದಲ್ಲಿ ಅದನ್ನು ವಿವರಿಸಿದ. ಅವನೇ ಕಂಡುಹಿಡಿದದ್ದಲ್ಲ, ವ್ಯಾಪಾರಿಗಳ ರೂಢಿಯನ್ನು ಎಲ್ಲರಿಗೂ ಸಿಗುವ ಹಾಗೆ ಬರೆದ. ದಿನದ ಕಚ್ಚಾ ಪುಸ್ತಕ, ಅದರಿಂದ ರೋಜು ಪುಸ್ತಕ, ಅದರಿಂದ ಖಾತೆ ಪುಸ್ತಕ ಹೀಗೆ ಮೂರು ಮೆಟ್ಟಿಲು.

ನಮ್ಮ ಲೆಕ್ಕದಲ್ಲೇ ಉದಾಹರಣೆ ಕೊಡುತ್ತೇನೆ. ಸದಸ್ಯರೊಬ್ಬರು 100 ರೂಪಾಯಿ ಬೆಲೆಯ ಹಾಲು ಹಾಕಿದರೆ ಹಾಲು ಖರೀದಿ ಖಾತೆಯಲ್ಲಿ 100, ಆ ಸದಸ್ಯರಿಗೆ ಕೊಡಬೇಕಾದ ಖಾತೆಯಲ್ಲಿ 100. ಬಟವಾಡೆ ದಿನ ಕೊಡಬೇಕಾದದ್ದು 100 ಇಳಿಯುತ್ತದೆ, ನಗದು 100 ಇಳಿಯುತ್ತದೆ. ಒಂದು ಕಡೆ ಬರೆದು ಇನ್ನೊಂದು ಕಡೆ ಬಿಟ್ಟರೆ ತಾಳೆಪಟ್ಟಿ ಸೇರುವುದಿಲ್ಲ, ತಪ್ಪು ತಾನಾಗಿ ಕೂಗಿ ಹೇಳುತ್ತದೆ. ಐನೂರು ವರ್ಷ ಕಳೆದರೂ ಪ್ರಪಂಚ ಈ ಪದ್ಧತಿಯನ್ನು ಬಿಟ್ಟಿಲ್ಲ. ಆದರೆ ಇದಕ್ಕೂ ಒಂದು ಮಿತಿ ಉಂಟು. ಎರಡೂ ಕಡೆ ಒಂದೇ ಸುಳ್ಳನ್ನು ಬರೆದರೆ ತಾಳೆಪಟ್ಟಿ ಚೆನ್ನಾಗಿಯೇ ಸೇರುತ್ತದೆ. ಅದಕ್ಕೇ ನೋಡುವ ಕಣ್ಣು ಬೇಕು ಅನ್ನುವುದು.

ಸಹಕಾರ ಬಂದಾಗ ಕಣ್ಣೂ ಬಂತು

ಭಾರತದಲ್ಲಿ ಸಹಕಾರ ಪತ್ತಿನ ಸಂಘಗಳ ಕಾನೂನು ಆದದ್ದು 1904ರಲ್ಲಿ. ಮರುವರ್ಷವೇ, ಅಂದರೆ 1905ರಲ್ಲಿ, ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಮೈಸೂರಿನಲ್ಲಿ ಅರ್ಥಶಾಸ್ತ್ರ ಸಿಕ್ಕ ವರ್ಷವೇ ಕಣಗಿನಹಾಳದಲ್ಲಿ ಸಂಘ ಹುಟ್ಟಿದ್ದು ನಮ್ಮ ನಾಡಿನ ಭಾಗ್ಯ.

1912ರ ಸಹಕಾರ ಕಾನೂನಿನಲ್ಲಿ, ಪ್ರತಿ ಸಂಘದ ಲೆಕ್ಕವನ್ನೂ ವರ್ಷಕ್ಕೆ ಒಂದು ಸಲವಾದರೂ ರಿಜಿಸ್ಟ್ರಾರರು ಪರಿಶೋಧನೆ ಮಾಡಿಸಲೇಬೇಕು ಎಂದಿದೆ. ಹಳ್ಳಿಯವರ ಸಂಘಕ್ಕೆ ಹೊರಗಿನ ಕಣ್ಣು ಕಡ್ಡಾಯವಾಯಿತು. ನಮ್ಮ ರಾಜ್ಯದ 1959ರ ಸಹಕಾರ ಸಂಘಗಳ ಕಾಯ್ದೆಯಲ್ಲೂ ಲೆಕ್ಕಪರಿಶೋಧನೆಗೆ ಅಂಥದೇ ಸ್ಥಾನವಿದೆ.

ಹಾಲಿನ ಸಹಕಾರಕ್ಕೆ ದಾರಿ ತೋರಿಸಿದ್ದು ಗುಜರಾತಿನ ಖೇಡಾ ಜಿಲ್ಲೆ. ತ್ರಿಭುವನದಾಸ್ ಪಟೇಲರ ನಾಯಕತ್ವದಲ್ಲಿ 1946ರಲ್ಲಿ ಆನಂದ್‌ನಲ್ಲಿ ಒಕ್ಕೂಟ ನೋಂದಣಿಯಾದಾಗ ಇದ್ದದ್ದು ಎರಡು ಹಳ್ಳಿ ಸಂಘ, ದಿನಕ್ಕೆ 247 ಲೀಟರ್ ಹಾಲು. ಆ ಪದ್ಧತಿ ನಮ್ಮ ರಾಜ್ಯಕ್ಕೆ 1974ರಲ್ಲಿ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮದ ಮೂಲಕ ಬಂದು, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ ಆಯಿತು. ಆ ಪದ್ಧತಿಯ ಬಲ ಅದರ ಲೆಕ್ಕದಲ್ಲಿತ್ತು. ದಿನಕ್ಕೆ ಎರಡು ಹೊತ್ತು ಎಲ್ಲರ ಎದುರಿಗೆ ಅಳತೆ, ಎಲ್ಲರ ಎದುರಿಗೆ ಸ್ಯಾಂಪಲ್, ಸದಸ್ಯರ ಪಾಸ್ ಪುಸ್ತಕದಲ್ಲಿ ಒಂದು ಬರವಣಿಗೆ, ಸಂಘದ ರಿಜಿಸ್ಟರಿನಲ್ಲಿ ಇನ್ನೊಂದು. ಒಟ್ಟು ಖರೀದಿಯಲ್ಲಿ ಸ್ಥಳೀಯ ಮಾರಾಟ ಕಳೆದರೆ ಉಳಿದದ್ದು ಡೇರಿಯ ಟ್ರಕ್ ಶೀಟಿಗೆ ಹೊಂದಬೇಕು. ಹಾಲು ಹಾಕುವವರ ಪುಸ್ತಕ, ಸಂಘದ ಪುಸ್ತಕ, ಡೇರಿಯ ಚೀಟಿ ಮೂರೂ ಮೂರು ಬೇರೆ ಕೈಗಳಲ್ಲಿ. ಕಾಲೇಜಿನಲ್ಲಿ ಈ ವಿಷಯ ಕಲಿಸುವವರು ಬಂದು ನೋಡಿದರೆ ಇದೇ ಸರಿಯಾದ ವ್ಯವಸ್ಥೆ ಅನ್ನುತ್ತಾರೆ.

ಬ್ರೆಡ್ ಕಂಪನಿಯಿಂದ ಬಂದ ಕಂಪ್ಯೂಟರ್

ಲೆಕ್ಕಕ್ಕೆ ಕಂಪ್ಯೂಟರ್ ಹಾಕಿದವರಲ್ಲಿ ಮೊದಲಿಗರು ಬ್ಯಾಂಕಿನವರಲ್ಲ, ಲಂಡನ್ನಿನಲ್ಲಿ ಚಹಾ ಅಂಗಡಿ ಮತ್ತು ಬೇಕರಿ ನಡೆಸುತ್ತಿದ್ದ ಲಯನ್ಸ್ ಎಂಬ ಕಂಪನಿಯವರು. ಬ್ರೆಡ್ಡು, ಕೇಕು ತಯಾರಿಕೆಯ ಬೆಲೆ ಲೆಕ್ಕ ಹಾಕಲು ಅವರು ತಾವೇ ಕಟ್ಟಿದ 'ಲಿಯೋ' ಎಂಬ ಯಂತ್ರ 1951ರ ನವೆಂಬರಿನಲ್ಲಿ ಕೆಲಸ ಆರಂಭಿಸಿತು. ದಿನ ದಿನವೂ ಕೆಡುವ ಸರಕು, ನೂರಾರು ಸಣ್ಣ ಸಣ್ಣ ವ್ಯವಹಾರ. ನಮ್ಮ ಹಾಲಿನ ವ್ಯವಹಾರವೂ ಅಂಥದೇ ಅಲ್ಲವೇ?

ನಂತರ 1982ರಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ವಿಲಿಯಂ ಮೆಕಾರ್ಥಿ ಎಂಬ ಪ್ರಾಧ್ಯಾಪಕರು ಒಂದು ಹೊಸ ಮಾದರಿ ಹೇಳಿದರು. ಲೆಕ್ಕ ಅಂದರೆ ಬರೀ ಜಮಾ ಖರ್ಚಿನ ಅಂಕಿಯಲ್ಲ; ಯಾವ ವಸ್ತು, ಯಾವ ಘಟನೆ, ಯಾವ ವ್ಯಕ್ತಿ ಈ ಮೂರನ್ನೂ ದಾಖಲು ಮಾಡಬೇಕು ಎಂಬುದು ಅದರ ಸಾರ. ವಸ್ತು ಹಾಲು, ಘಟನೆ ಬೆಳಗಿನ ಖರೀದಿ, ವ್ಯಕ್ತಿಗಳು ಹಾಲು ಹಾಕಿದ ತಾಯಿ ಮತ್ತು ಹಾಲು ಅಳೆದ ಸಿಬ್ಬಂದಿ. ಹೀಗೆ ದಾಖಲಾದರೆ ಮುಂದೆ ಯಾವ ಪ್ರಶ್ನೆ ಕೇಳಿದರೂ ಉತ್ತರ ಸಿಗುತ್ತದೆ.

ನಮ್ಮ ದೇಶದ ಅಂಗಡಿ ಅಂಗಡಿಗೆ ಕಂಪ್ಯೂಟರ್ ಲೆಕ್ಕ ತಲುಪಿಸಿದ 'ಟ್ಯಾಲಿ' ಹುಟ್ಟಿದ್ದು ಬೆಂಗಳೂರಿನಲ್ಲಿ, 1986ರಲ್ಲಿ. ತಂದೆ ಎಸ್.ಎಸ್. ಗೋಯೆಂಕಾ ಅವರ ವ್ಯಾಪಾರದ ಲೆಕ್ಕಕ್ಕೆಂದು ಮಗ ಭರತ್ ಗೋಯೆಂಕಾ ಅದನ್ನು ಬರೆದರು. ಇನ್ನು 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಣ ಮಾಡಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹಾಲಿನ ಸಂಘಗಳಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ, ಹಾಲು ಪರೀಕ್ಷೆ ಯಂತ್ರ, ಕಂಪ್ಯೂಟರ್ ಚೀಟಿ ಇವೆಲ್ಲ ಸಾಮಾನ್ಯವಾಗಿವೆ.

ಇದರಿಂದ ಆದ ಉಪಕಾರವನ್ನು ಮರೆಯಬಾರದು. ಚೀಟಿ ತಕ್ಷಣ ಕೈಗೆ ಬರುತ್ತದೆ. ಬಟವಾಡೆ ಪಟ್ಟಿ ಕೂಡುವುದಕ್ಕೆ ರಾತ್ರಿಯೆಲ್ಲ ಕೂರಬೇಕಾಗಿಲ್ಲ. ಸರ್ಕಾರದ ಪ್ರೋತ್ಸಾಹಧನ ನೇರ ಸದಸ್ಯರ ಬ್ಯಾಂಕ್ ಖಾತೆಗೆ ಹೋಗುತ್ತದೆ.

ಯಂತ್ರ ಸುಳ್ಳು ಹೇಳುವುದಿಲ್ಲವೇ?

'ಕಂಪ್ಯೂಟರಿನಲ್ಲೇ ಹಂಗೆ ಬಂದಿದೆ' ಅಂದರೆ ನಾವು ಬಾಯಿ ಮುಚ್ಚಿಕೊಳ್ಳುತ್ತೇವೆ. ಇದು ಸರಿಯಲ್ಲ. ಹೈದರಾಬಾದಿನ ಸತ್ಯಂ ಎಂಬ ದೊಡ್ಡ ಕಂಪ್ಯೂಟರ್ ಕಂಪನಿಯ ಅಧ್ಯಕ್ಷರೇ 2009ರ ಜನವರಿಯಲ್ಲಿ, ತಮ್ಮ ಲೆಕ್ಕದಲ್ಲಿ ಸಾವಿರಾರು ಕೋಟಿ ಸುಳ್ಳಿದೆ ಎಂದು ಪತ್ರ ಬರೆದರು. ಬೇರೆ ಕಂಪನಿಗಳಿಗೆ ಕಂಪ್ಯೂಟರ್ ಕೆಲಸ ಮಾಡಿಕೊಡುತ್ತಿದ್ದವರ ಸ್ವಂತ ಕಂಪ್ಯೂಟರಿನಲ್ಲೇ ಸಾವಿರಾರು ನಕಲಿ ಬಿಲ್ಲುಗಳಿದ್ದವು. 2015ರಲ್ಲಿ ಹೈದರಾಬಾದಿನ ನ್ಯಾಯಾಲಯ ತಪ್ಪಿತಸ್ಥರಿಗೆ ಶಿಕ್ಷೆ ವಿಧಿಸಿತು.

ಸಹಕಾರಿಗಳಾದ ನಮಗೆ ಇನ್ನೂ ಹತ್ತಿರದ್ದು ಮುಂಬಯಿಯ ಪಂಜಾಬ್ ಅಂಡ್ ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಪ್ರಕರಣ. ಒಂದೇ ಗುಂಪಿಗೆ ಕೊಟ್ಟಿದ್ದ ಭಾರಿ ಸಾಲವನ್ನು ಮರೆಮಾಡಲು 21,000ಕ್ಕೂ ಹೆಚ್ಚು ಕಾಲ್ಪನಿಕ ಸಾಲದ ಖಾತೆಗಳನ್ನು ತೋರಿಸಲಾಗಿತ್ತೆಂದು ತನಿಖೆ ನಡೆಸಿದವರು ಹೇಳಿದರು. 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ, ಠೇವಣಿ ಇಟ್ಟವರು ಮೊದಮೊದಲು ತೆಗೆಯಬಹುದಾಗಿದ್ದದ್ದು ಒಂದು ಖಾತೆಗೆ ಬರೀ 1,000 ರೂಪಾಯಿ. ಜೀವಮಾನದ ಗಳಿಕೆ ಇಟ್ಟವರೂ ಬ್ಯಾಂಕಿನ ಬಾಗಿಲಲ್ಲಿ ನಿಂತು ಕಣ್ಣೀರಿಟ್ಟರು. ಅಲ್ಲಿ ಕಂಪ್ಯೂಟರ್ ಇರಲಿಲ್ಲವೇ? ಇತ್ತು. ಲೆಕ್ಕಪರಿಶೋಧಕರು ಇರಲಿಲ್ಲವೇ? ಇದ್ದರು. ಹೇಳುವ ಬಾಯಿ, ಬರೆಯುವ ಕೈ ಒಂದಾದವು, ನೋಡುವ ಕಣ್ಣು ಕಾಗದ ನೋಡಿ ಸುಮ್ಮನಾಯಿತು.

ಪುಸ್ತಕಕ್ಕೂ ಕಂಪ್ಯೂಟರಿಗೂ ಇನ್ನೊಂದು ವ್ಯತ್ಯಾಸವಿದೆ. ಪುಸ್ತಕದಲ್ಲಿ ತಪ್ಪು ಬರೆದರೆ ಅಡ್ಡಗೆರೆ ಎಳೆದು, ಮೇಲೆ ಸರಿಯಾದದ್ದು ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು. ಹಳೆಯ ಅಂಕಿ ಕೆಳಗೆ ಕಾಣುತ್ತಲೇ ಇರುತ್ತದೆ. ಕಂಪ್ಯೂಟರಿನಲ್ಲಿ ಅಳಿಸಿ ಬರೆದರೆ ಗಾಯದ ಗುರುತೂ ಉಳಿಯದಿರಬಹುದು. ಇದಕ್ಕಾಗಿಯೇ 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಯಾವ ದಿನ ಏನು ತಿದ್ದಲಾಯಿತು ಎಂಬುದು ತಾನಾಗಿ ದಾಖಲಾಗಲೇಬೇಕು ಎಂಬ ನಿಯಮ ಜಾರಿಗೆ ಬಂತು. ಅದು ಕಂಪನಿಗಳಿಗೆ ಮಾಡಿದ ನಿಯಮ. ಒಳ್ಳೆಯದನ್ನು ಸಹಕಾರ ಸಂಘ ಅನುಸರಿಸಲು ಯಾರ ಅಡ್ಡಿಯೂ ಇಲ್ಲ.

ನಮ್ಮ ಸಂಘ ಏನು ಮಾಡಬೇಕು?

ಮುಂದಿನ ದಿನಗಳಲ್ಲಿ ಉಳಿದ ಪುಸ್ತಕಗಳೂ ಕಂಪ್ಯೂಟರಿಗೆ ಹೋಗಲಿವೆ. ಆಗ ನನಗಿರುವ ಒಂದೇ ಚಿಂತೆ, ನಾಲ್ಕು ಜನರಲ್ಲಿ ಹಂಚಿದ್ದ ಕೆಲಸ ಒಂದು ಪಾಸ್‌ವರ್ಡಿನೊಳಗೆ ಸೇರಿಹೋಗಬಾರದು. ಆಡಳಿತ ಮಂಡಳಿ ಮತ್ತು ಮಹಾಸಭೆಯ ಮುಂದೆ ಈ ಸಲಹೆಗಳನ್ನು ಇಡುತ್ತೇನೆ.

ಒಂದು, ಕಂಪ್ಯೂಟರ್ ಮುಟ್ಟುವ ಪ್ರತಿಯೊಬ್ಬರಿಗೂ ಬೇರೆ ಪಾಸ್‌ವರ್ಡ್ ಇರಬೇಕು. ಹಾಲು ಅಳೆಯುವವರ ಪಾಸ್‌ವರ್ಡಿನಿಂದ ಬಟವಾಡೆ ಆಗಕೂಡದು.

ಎರಡು, ದರಪಟ್ಟಿ ಬದಲಾಯಿಸುವ ಅಧಿಕಾರ ಒಬ್ಬರಿಗೇ ಇರಬಾರದು. ದಿನಕ್ಕೆ ಸಾವಿರ ಲೀಟರ್ ಹಾಲು ಬರುವ ಸಂಘದಲ್ಲಿ ದರ ಲೀಟರಿಗೆ ಹತ್ತು ಪೈಸೆ ಕಡಿಮೆ ನಮೂದಾದರೆ ದಿನಕ್ಕೆ 100 ರೂಪಾಯಿ, ವರ್ಷಕ್ಕೆ 36,500 ರೂಪಾಯಿ ವ್ಯತ್ಯಾಸ. ಚೀಟಿ ನೋಡಿದ ಸದಸ್ಯರಿಗೆ ಹತ್ತು ಪೈಸೆ ಕಣ್ಣಿಗೇ ಬೀಳುವುದಿಲ್ಲ. ಒಕ್ಕೂಟದ ದರ ಆದೇಶವನ್ನೂ ಯಂತ್ರದ ದರವನ್ನೂ ಒಬ್ಬ ನಿರ್ದೇಶಕರು ತಿಂಗಳಿಗೊಮ್ಮೆ ತಾಳೆ ನೋಡಿ ನಡಾವಳಿ ಪುಸ್ತಕದಲ್ಲಿ ಬರೆಸಬೇಕು.

ಮೂರು, ತಕ್ಕಡಿ ಕಿಲೋ ತೂಗುತ್ತದೆ, ಹಣ ಲೀಟರಿಗೆ. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ. ಕಿಲೋವನ್ನು ಲೀಟರಿಗೆ ತಿರುಗಿಸುವ ಈ ಅಂಕಿ ಯಂತ್ರದಲ್ಲಿ ಎಷ್ಟಿದೆ ಎಂಬುದು ಗೋಡೆಯ ಮೇಲೆ ಬರೆದಿರಲಿ.

ನಾಲ್ಕು, ಪಶು ಆಹಾರದ ಮೂಟೆಯನ್ನು ಕಂಪ್ಯೂಟರಿನಲ್ಲಿ ಎಣಿಸಿದರೆ ಸಾಲದು. ತಿಂಗಳಿಗೊಮ್ಮೆ ಗೋಡೌನಿಗೆ ಹೋಗಿ ಕೈಯಿಂದ ಎಣಿಸಬೇಕು.

ಐದು, ಚೀಟಿ ಕನ್ನಡದಲ್ಲಿ ಬರಬೇಕು. ಹಾಲು ಹಾಕಲು ಬರುವ ಹೆಣ್ಣುಮಕ್ಕಳಲ್ಲಿ ಅನೇಕರಿಗೆ ಇಂಗ್ಲಿಷ್ ಅಕ್ಷರ ಬರುವುದಿಲ್ಲ. ಓದಲಾಗದ ಚೀಟಿ ಕೊಟ್ಟರೂ ಒಂದೇ, ಕೊಡದಿದ್ದರೂ ಒಂದೇ.

ಆರು, ದಿನದ ಲೆಕ್ಕದ ನಕಲು ಸಂಘದ ಹೊರಗೂ ಒಂದು ಕಡೆ ಇರಬೇಕು. ತಿಂಗಳ ಜಮಾ ಖರ್ಚು ಕಾಗದದಲ್ಲಿ ತೆಗೆದು ಸೂಚನಾ ಫಲಕಕ್ಕೆ ಅಂಟಿಸಬೇಕು.

ಇದನ್ನೆಲ್ಲ ಯಾರ ಮೇಲಿನ ಅನುಮಾನದಿಂದಲೂ ಬರೆದದ್ದಲ್ಲ. ಪ್ರಾಮಾಣಿಕ ಕಾರ್ಯದರ್ಶಿಗೆ ಇಂಥ ಕಟ್ಟುಪಾಡೇ ರಕ್ಷಣೆ. ನಾಳೆ ಹತ್ತು ರೂಪಾಯಿ ವ್ಯತ್ಯಾಸ ಬಂದರೆ, ಎಲ್ಲ ಕೆಲಸವೂ ಒಬ್ಬರ ಕೈಯಲ್ಲೇ ಇದ್ದಾಗ ಬೆರಳು ಅವರ ಕಡೆಗೇ ತಿರುಗುತ್ತದೆ. ಅವರು ತಪ್ಪು ಮಾಡಿಲ್ಲ ಅಂತ ತೋರಿಸುವುದಕ್ಕೆ ಸಾಕ್ಷಿಯೇ ಇರುವುದಿಲ್ಲ. ಕೆಲಸ ಹಂಚಿದ್ದರೆ ಪುಸ್ತಕವೇ ಅವರ ಪರ ಮಾತಾಡುತ್ತದೆ.

ನಮ್ಮ ಊರಿನ ಮಕ್ಕಳು ಕಾಲೇಜಿನಲ್ಲಿ ಈ ವಿಷಯವನ್ನೇ ಓದುತ್ತಿದ್ದರೆ, ರಜೆಗೆ ಬಂದಾಗ ಒಂದು ದಿನ ಸಂಘಕ್ಕೆ ಬಂದು ಕೂರಲಿ. ತಾವು ಓದಿದ್ದನ್ನು ನಮ್ಮ ರಿಜಿಸ್ಟರಿನ ಜೊತೆ ಇಟ್ಟು ನೋಡಲಿ, ಕುಂದು ಕೊರತೆ ಹೇಳಲಿ. ಆಡಳಿತ ಮಂಡಳಿಯವರು ಬೇಸರ ಮಾಡಿಕೊಳ್ಳದೆ ಕೇಳೋಣ.

ಇಪ್ಪತ್ತೈದು ವರ್ಷ ಈ ಸಂಘ ನಡೆದದ್ದು ಹಾಲು ಹಾಕಿದವರ ನಂಬಿಕೆಯಿಂದ. ಆ ನಂಬಿಕೆಗೆ ಲೆಕ್ಕವೇ ಆಧಾರ. ಪುಸ್ತಕದಲ್ಲಿರಲಿ ಯಂತ್ರದಲ್ಲಿರಲಿ, ಕೊನೆಯ ಸದಸ್ಯರೂ ಬಂದು 'ನನ್ನ ಲೆಕ್ಕ ತೋರಿಸಿ' ಎಂದು ಕೇಳಿದಾಗ ತೋರಿಸುವಂತಿರಬೇಕು. ಸದಸ್ಯ ಬಾಂಧವರು ಕೇಳುವುದನ್ನು ಬಿಡಬಾರದು. ಸುವರ್ಣ ಮಹೋತ್ಸವದ ಸಂಚಿಕೆ ಬರೆಯುವವರು ಈ ವಿಚಾರದಲ್ಲಿ ನಮ್ಮ ಬಗ್ಗೆ ಒಳ್ಳೆಯ ಮಾತು ಬರೆಯುವಂತಾಗಲಿ.

ಜೈ ಸಹಕಾರ.